ಕುವೈತಿನ ಡಬ್ಬಿ

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಹಂಪಯ್ಯನ ಹೋಟೆಲಿನಲ್ಲಿ, ಬಸವಣ್ಣನ ಫೋಟೋದ ಪಕ್ಕಕ್ಕೆ, ಹಾಲಿನ ಪುಡಿಯ ಡಬ್ಬಿಯೊಂದು ಬಂದು ಕೂತದ್ದೇ ಎಲ್ಲ ತೊಂದರೆಗೂ ಮೂಲ.

ಡಬ್ಬಿ ಕುವೈತಿನದು. ಬಲಗಡೆಯ ಸೈಕಲ್ ಅಂಗಡಿಯ ಉಸ್ಮಾನಸಾಬನ ಮಗ ಜಿಲಾನಿ ಅಲ್ಲಿ ಯಾರದೋ ಮನೆಯಲ್ಲಿ ಅಡುಗೆಗಿದ್ದ. ರಜೆಗೆ ಬಂದವನು, ಚಿಕ್ಕಂದಿನಲ್ಲಿ ಈ ಹೋಟೆಲಿನ ಮಿರ್ಚಿ ಭಜಿ ತಿಂದು ಬೆಳೆದದ್ದನ್ನು ಮರೆಯದೆ, ತಿರುಗಿ ಹೋಗುವ ದಿನ ಡಬ್ಬಿಯನ್ನು ಹಂಪಯ್ಯನ ಕೈಗಿಟ್ಟು ಹೋಗಿದ್ದ. ಕೊಡದಷ್ಟು ಎತ್ತರವಲ್ಲದಿದ್ದರೂ ತಂಬಿಗೆಗಿಂತ ದೊಡ್ಡದು. ಹಳದಿ ಬಣ್ಣ, ಮೇಲೊಂದು ಹೊಟ್ಟೆ ತುಂಬಿದ ಆಕಳು, ಆಕಳ ಸುತ್ತ ಬಲದಿಂದ ಎಡಕ್ಕೆ ಹರಿಯುವ ಅರಬ್ಬಿ ಅಕ್ಷರ. ಅದನ್ನು ಒಡೆಯಲು ಹಂಪಯ್ಯನಿಗೆ ಮನಸ್ಸು ಬರಲಿಲ್ಲ. ಫೋಟೋದ ಪಕ್ಕ ಇಟ್ಟ. ಬೆಳಿಗ್ಗೆ ಊದುಬತ್ತಿ ಬೆಳಗುವಾಗ ಕೈ ತಾನಾಗಿ ಒಂದು ಸುತ್ತು ಡಬ್ಬಿಯ ಕಡೆಗೂ ಹೋಗುತ್ತಿತ್ತು. ಚಹಾ ಕುಡಿಯಲು ಬಂದ ಬಸ್ಸಿನ ಡ್ರೈವರು, ಕಂಡಕ್ಟರು, ಅಕ್ಕಿ ಗಿರಣಿಯ ಹಮಾಲರು, ಯಾರೂ ಅದರ ಕತೆ ಕೇಳದೆ ಎದ್ದು ಹೋಗುವ ಹಾಗಿರಲಿಲ್ಲ.

ಹೋಟೆಲು ಎನ್ನುವುದು ಹೆಸರಿಗೆ. ತಗಡಿನ ಚಪ್ಪರ, ಎರಡು ಬೆಂಚು, ಮುಂದೆ ಮಿರ್ಚಿ ಕರಿಯುವ ಒಲೆ. ಹಿಂದೆ ಗೋಣಿಯ ಪರದೆ. ಪರದೆಯ ಆಚೆ ಹಾಲು ಕಾಯುವ ಒಲೆ, ಅಡುಗೆಯ ಜಾಗ ಮತ್ತು ಹೆಂಡತಿ ಗುರುಬಸಮ್ಮ. ಆದರೆ ಇಬ್ಬರ ಹೊಟ್ಟೆ ನಡೆಯುತ್ತಿದ್ದದ್ದು ಅದರಿಂದಲೇ. ಅದರ ಲೈಸೆನ್ಸು ಮುಗಿದಿತ್ತು. ಬಳ್ಳಾರಿಯಿಂದ ಫುಡ್ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದರೆ ಮುಂದಿನ ವರ್ಷಕ್ಕೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಆರಿಸಬೇಕು ಎಂದು ಪಂಚಾಯಿತಿಯವರು ಹೇಳಿಹೋಗಿದ್ದರು.

ಅದು ಎಮರ್ಜೆನ್ಸಿಯ ಕಾಲ. ಬಸ್ಸುಗಳು ಹೇಳಿದ ಹೊತ್ತಿಗೆ ಬರತೊಡಗಿ ಜನರನ್ನು ಗಾಬರಿಗೊಳಿಸಿದ್ದವು. ಅಂಗಡಿಗಳೆಲ್ಲ ಸುಣ್ಣ ಬಳಿದುಕೊಂಡು, ದರದ ಬೋರ್ಡು ತೂಗುಹಾಕಿಕೊಂಡು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಉಸಿರು ಬಿಗಿಹಿಡಿದಿದ್ದವು.

ಅವತ್ತು ಬೆಳಿಗ್ಗೆ ಎಡಗಡೆಯ ಬೀಡಾ ಅಂಗಡಿಯ ಸುಂಕಣ್ಣ, ಎಂದಿನಂತೆ ಎಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ನೀರು ಚಿಮುಕಿಸಲು ಪರದೆಯ ಒಳಗೆ ಹೋದ. ಗುರುಬಸಮ್ಮ ನಲ್ಲಿಗೆ ಹೋಗಿದ್ದಳು. ಅವನ ನೀರಿನ ಕೆಲಸ ಅವತ್ತು ತುಸು ತಡವಾಯಿತು. ಹೊರಗೆ ಬಂದು ಮೊಣಕೈತನಕ ಬೆಳ್ಳಗಾಗಿದ್ದ ಕೈಗಳನ್ನು ಪಂಚೆಗೆ ಒರೆಸಿಕೊಂಡ. ಅವನ ಕೈ ಬೆಳ್ಳಗಿರುವುದು ಹೊಸದೇನಲ್ಲ. ದಿನವೆಲ್ಲ ಸುಣ್ಣದಲ್ಲಿ ಇರುವ ಕೈ.

"ಅಯ್ಯನೋರ, ನಿನ್ನೆ ಕುರುಗೋಡಿನ ಸುದ್ದಿ ಕೇಳಿದ್ರ್ಯಾ?" ಅಂದ ಹಂಪಯ್ಯನಿಗೆ.

"ಏನಪ?"

"ಇನ್‌ಸ್ಪೆಕ್ಟರ್ ಬಂದಿದ್ದನಂತ. ಒಂದು ಹೋಟೆಲಿನಾಗ ಹಿಟ್ಟಿನ ಚೀಲದಾಗ ಹೆಗಲತನಕ ಕೈ ಹಾಕ್ಯಾನ. ಕೈ ಹೊರಗ ತಗಿಯೂದರಾಗ ಹೋಟೆಲ್ ಬಂದ್. ಇವತ್ತು ನಮ್ಮೂರಿಗಂತ. ಮೊದಲನೇ ಬಸ್ಸಿನ ಡ್ರೈವರ ಹೇಳಿದ."

ಹಂಪಯ್ಯನ ಕೈಯಲ್ಲಿದ್ದ ಜಾಲರಿ ಎಣ್ಣೆಯ ಮೇಲೆ ನಿಂತುಬಿಟ್ಟಿತು. ಕೂಡಲೇ ಮಿರ್ಚಿಯ ಬುಟ್ಟಿಗೆ ಬಟ್ಟೆ ಮುಚ್ಚಿದ. ಬೆಂಚು ಒರೆಸಿದ. ನೊಣಗಳನ್ನು ಬೀಸಿ ಓಡಿಸಿದ, ಅವು ಸುಂಕಣ್ಣನ ಅಂಗಡಿಗೆ ಹೋಗಿ ಒಂದು ಸುತ್ತು ಹಾಕಿ ತಿರುಗಿ ಬಂದವು.

ಸುಂಕಣ್ಣ ಹೋಗಲಿಲ್ಲ. ಡಬ್ಬಿಯನ್ನೇ ನೋಡುತ್ತ ನಿಂತಿದ್ದ.

"ಅದೇನ್ರಿ ಅದು, ದೇವರ ಬಾಜೂಕ?"

"ನಿನಗ ಗೊತ್ತಿಲ್ಲೇನು? ಜಿಲಾನಿ ಕೊಟ್ಟಿದ್ದು."

"ನನಗ ಗೊತ್ತೈತಿ. ಇನ್‌ಸ್ಪೆಕ್ಟರಗ ಗೊತ್ತೈತೇನು? ಫಾರಿನ್ ಮಾಲು ಅಯ್ಯನೋರ ಅದು. ಕಳ್ಳಸಾಗಣಿ ಮಾಡೋರ್ನ ಹಿಡಿದು ಒಳಗ ಹಾಕ್ಯಾರಂತ ರೇಡಿಯೋದಾಗ ದಿನಾ ಹೇಳ್ತಾರ."

"ನಾ ಏನು ಸಾಗಿಸೀನೋ? ನಾ ಬಳ್ಳಾರಿ ದಾಟಿ ಆಚಿಗೆ ಹೋದಾವನಲ್ಲ."

"ನೀವು ಹೋಗಿಲ್ರಿ. ಡಬ್ಬಿ ಬಂದೈತಲ್ಲ."

ಹಂಪಯ್ಯ ಡಬ್ಬಿಯ ಕಡೆ ತಿರುಗಿದ. ನಿನ್ನೆಯವರೆಗೆ ಮುಗುಳ್ನಗುತ್ತಿದ್ದಂತೆ ಕಾಣುತ್ತಿದ್ದ ಆಕಳು ಈಗ ಸಾಕ್ಷಿ ಹೇಳಲು ಬಂದ ಹಾಗೆ ಅವನನ್ನೇ ನೋಡುತ್ತಿತ್ತು. ಡಬ್ಬಿಯನ್ನು ಇಳಿಸಿ ಒಗ್ಗರಣೆ ಹಾಕಿ ಮಾರಲು ತಂದಿದ್ದ ಮಂಡಾಳಿನ, ಅಂದರೆ ಮಂಡಕ್ಕಿಯ, ಚೀಲದಲ್ಲಿ ಹುಗಿಯಲು ಹೋದ.

"ಚೀಲ ಅಂದ್ರ ಅವನಿಗೆ ಭಾಳ ಪ್ರೀತಿ. ಹೆಗಲತನಕ ಅಂತ ಈಗ ಹೇಳಿದ್ನಲ್ರಿ," ಅಂದು ಸುಂಕಣ್ಣ ತನ್ನ ಅಂಗಡಿಗೆ ಹೋಗಿ ರೇಡಿಯೋದ ಕಿವಿ ತಿರುವಿದ.

ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಹಮಾಲನೊಬ್ಬ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಅಯ್ಯನೋರ, ಇವತ್ತು ಏನು ವಿಶೇಷ? ಚಾ ಕುಡಿದ್ರ ಪಾಯಸ ಕುಡಿದಂಗಾಗತೈತಿ."

ಹಾಲು ಹಾಕುವ ಉಚ್ಚಂಗೆಮ್ಮ ಖಾಲಿ ಕೊಡಪಾನ ತೆಗೆದುಕೊಂಡು ಹೊರಡುತ್ತಿದ್ದವಳು ನಿಂತಳು. ಹಂಪಯ್ಯ ಅವಳ ಕಡೆ ನೋಡಿ, "ಯಾಕವ್ವ, ಇವತ್ತು ಕಾಲುವಿಗೆ ನೀರು ಬಿಟ್ಟಿಲ್ಲೇನು?" ಎಂದು ಕೇಳಿದ.

"ನನ್ನ ಹಾಲಿಗೆ ನೀರು ಹಾಕಿದ ಕೈ ಯಾವುದೈತಿ ತೋರಿಸ್ರಿ ನೋಡೂಣು," ಅಂದಳು ಉಚ್ಚಂಗೆಮ್ಮ. ಆದರೂ ಹೋಗುವಾಗ ಅವಳೇ ಒಮ್ಮೆ ಅನುಮಾನದಿಂದ ಹಿಂತಿರುಗಿ ಪರದೆಯೊಳಗಿನ ಹಾಲಿನ ಪಾತ್ರೆ ನೋಡಿದಳು. ಬೆಳಿಗ್ಗೆ ಕೊಡಪಾನಕ್ಕೆ ನೀರು ಹಾಕಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುವವಳ ಹಾಗಿತ್ತು ಅವಳ ಮುಖ.

ಹಂಪಯ್ಯನಿಗೆ ಅದನ್ನೆಲ್ಲ ಯೋಚಿಸಲು ವ್ಯವಧಾನವಿರಲಿಲ್ಲ. ಕೊಟ್ಟವರಿಗೇ ತಿರುಗಿ ಕೊಟ್ಟುಬಿಡುವುದು ಸರಿ ಅನ್ನಿಸಿ, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಸೈಕಲ್ ಅಂಗಡಿಗೆ ಹೋದ. ಉಸ್ಮಾನಸಾಬ್ ಚಕ್ರವೊಂದನ್ನು ತಿರುಗಿಸಿ ಸೊಟ್ಟ ನೋಡುತ್ತಿದ್ದ.

"ಸಾಬರ, ಇದನ್ನ ನೀವ ಇಟ್ಕೋರಿ. ನಮ್ಮ ಮನ್ಯಾಗ ಸಣ್ಣ ಮಕ್ಕಳಿಲ್ಲ, ಕುಡಿಯೋರಿಲ್ಲ."

ಚಕ್ರ ನಿಂತಿತು. ಉಸ್ಮಾನಸಾಬ್ ಡಬ್ಬಿಯನ್ನೂ ಹಂಪಯ್ಯನನ್ನೂ ನೋಡಿದ. ಅವನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು.

"ಅಯ್ಯನೋರ, ಹುಡುಗ ಪ್ರೀತಿಲೆ ಕೊಟ್ಟಿದ್ದು. ಕಡಿಮಿ ಆತೇನ್ರಿ?"

"ಛೇ ಛೇ, ಹಂಗಲ್ಲ."

"ನಂಗ ತಿಳೀತು. ಬರೇ ಒಂದು ಡಬ್ಬಿ ಕೊಟ್ಟು ಹೋಗಬ್ಯಾಡ, ಅಯ್ಯನೋರಿಗೆ ಬ್ಯಾರೆ ಏನರ ಕೊಡು ಅಂತ ನಾ ಅವಗ ಹೇಳಿದ್ದೆ." ಉಸ್ಮಾನಸಾಬ್ ಒಳಗೆ ಹೋಗಿ ಬಂದ. ಅವನ ಕೈಯಲ್ಲಿ ಖರ್ಜೂರದ ದೊಡ್ಡ ಪೊಟ್ಟಣವಿತ್ತು, ಅದರ ಮೇಲೂ ಅವೇ ಅಕ್ಷರ. "ಇದನ್ನೂ ತಗೋರಿ. ನೀವು ಬ್ಯಾಡ ಅಂದ್ರ ನಾ ಇನ್ನ ನಿಮ್ಮ ಅಂಗಡಿ ಚಾ ಕುಡಿಯಂಗಿಲ್ಲ."

ಒಂದನ್ನು ಕೊಡಲು ಹೋದ ಹಂಪಯ್ಯ ಎರಡನ್ನು ಹೊತ್ತುಕೊಂಡು ಬಂದ. ಸುಂಕಣ್ಣ ಪೊಟ್ಟಣ ನೋಡಿ, "ಇದರ ಕಾಳಜಿ ಬಿಡ್ರಿ, ಇದಕ್ಕ ನಾ ಅದೀನಿ," ಎಂದು ಖರ್ಜೂರ ತಿನ್ನಲು ಕೂತ. ಹಮಾಲರೂ ಕೈಜೋಡಿಸಿದರು. ಹೊತ್ತು ಏರುವುದರೊಳಗೆ ಬೀಜವೂ ಉಳಿಯಲಿಲ್ಲ. ಡಬ್ಬಿಯನ್ನು ಮಾತ್ರ ಯಾರೂ ತಿನ್ನುವ ಹಾಗಿರಲಿಲ್ಲ.

"ಹಿಂದಿನ ಮೋರಿಗೆ ಒಗದು ಬರ್ರಿ," ಅಂದ ಸುಂಕಣ್ಣ ಬಾಯಿ ಒರೆಸಿಕೊಳ್ಳುತ್ತ.

ಹಂಪಯ್ಯ ಆ ಕಡೆ ಈ ಕಡೆ ನೋಡಿ, ಹೊಟ್ಟೆನೋವಿನವನ ಹಾಗೆ ಬಗ್ಗಿ ನಡೆದು, ಹೋಟೆಲಿನ ಹಿಂದಿನ ಮೋರಿಯಲ್ಲಿ ಡಬ್ಬಿಯನ್ನು ಬಿಟ್ಟು ಬಂದ. ಬಂದವನು ಒಂದು ಒಬ್ಬೆ ಮಿರ್ಚಿ ಬಿಟ್ಟ. ಎಣ್ಣೆಯಲ್ಲಿ ಅವು ಉಬ್ಬುವುದನ್ನು ನೋಡಿ ಎದೆ ಸ್ವಲ್ಪ ಹಗುರಾಯಿತು. ಅವುಗಳನ್ನು ಹೊರತೆಗೆಯುವ ಹೊತ್ತಿಗೆ ಉಸ್ಮಾನಸಾಬನ ತಾಯಿ ಮದಾರಬೀ ಓಣಿಯ ತಿರುವಿನಲ್ಲಿ ಕಾಣಿಸಿದಳು. ಮುದುಕಿ ಎರಡೂ ಕೈಯಲ್ಲಿ ಡಬ್ಬಿಯನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದಳು. ಚೆನ್ನಾಗಿ ತೊಳೆದು ಒರೆಸಿದ್ದಳು. ಬಿಸಿಲಿಗೆ ಅದು ಬಸ್‌ಸ್ಟ್ಯಾಂಡಿನ ಆಚೆಯತನಕ ಹೊಳೆಯುತ್ತಿತ್ತು.

"ಹಂಪಯ್ಯಾ, ಬೇಟಾ, ನಿನ್ನ ಡಬ್ಬಿ ಮೋರ್ಯಾಗ ಬಿದ್ದಿತ್ತು ನೋಡು," ಎಂದು ದೂರದಿಂದಲೇ ಕೂಗಿದಳು.

ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಯಾರೋ ಬೆಕ್ಕೋ ನಾಯಿನೋ ಕೆಡವಿರಬೇಕು. ಅಕ್ಷರ ಇರೂದು ಹಂಗ ಮೋರ್ಯಾಗ ಬೀಳಬಾರ್ದಪ, ಪಾಪ ಬರತೈತಿ," ಎಂದು ಮದಾರಬೀ ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡು ಅವನ ಕೈಗಿಟ್ಟಳು. ಹಂಪಯ್ಯನಿಗೆ ನಾಚಿಕೆಯಾಯಿತು. ಅವನೂ ಕಣ್ಣಿಗೆ ಒತ್ತಿಕೊಂಡ.

ಪಕ್ಕದಿಂದ ಉಸ್ಮಾನಸಾಬ್, "ಅಮ್ಮಾ, ಅದರಾಗ ಮುಚ್ಚಳ ಗಟ್ಟಿ ಹಾಕ್ರಿ, ನೆರಳಾಗಿಡ್ರಿ ಅಂತ ಬರದೈತಂತ. ಜಿಲಾನಿ ಓದಿ ಹೇಳ್ಯಾನ," ಅಂದ.

"ಏನರ ಬರದಿರ್ಲಿ. ಅಕ್ಷರ ಅಕ್ಷರನ," ಅಂದಳು ಮದಾರಬೀ. ಹೋಗುವ ಮುಂದೆ ಹಂಪಯ್ಯನಿಗೆ, "ಇನ್ನ ಜೋಪಾನ ಇಟ್ಕೋ. ನಾ ಹಿಂದಿನ ಕಟ್ಟಿ ಮ್ಯಾಲೇ ಕುಂತಿರ್ತೀನಿ, ನೋಡ್ಕೋತೀನಿ," ಎಂದು ಧೈರ್ಯ ಹೇಳಿದಳು. ಮೋರಿಯ ದಾರಿ ಹಾಗೆ ಮುಚ್ಚಿಹೋಯಿತು.

ಆದವಾನಿಗೆ ಹೋಗುವ ಬಸ್ಸು ನಿಂತಿತ್ತು. ಹಂಪಯ್ಯನಿಗೆ ಅಂಥ ಬಿಸಿಲಿನಲ್ಲೂ ಒಂದು ಉಪಾಯ ಹೊಳೆಯಿತು. ಒಂದಿಷ್ಟು ದೂರ ಹೋದರೆ ಆಂಧ್ರ. ಗಡಿ ದಾಟಿದ ಮೇಲೆ ಡಬ್ಬಿಗೂ ಬಳ್ಳಾರಿಯ ಇನ್‌ಸ್ಪೆಕ್ಟರಿಗೂ ಏನು ಸಂಬಂಧ? ಯಾರನ್ನೋ ಕಳಿಸಲು ಬಂದವನ ಹಾಗೆ ಬಸ್ಸು ಹತ್ತಿ, ಹಿಂದಿನ ಸೀಟಿನ ಕೆಳಗೆ ಡಬ್ಬಿ ತಳ್ಳಿ, ಇಳಿದು ಬಂದು ಒಲೆಯ ಮುಂದೆ ನಿಂತ. ಬಸ್ಸು ಹೊರಟಿತು. ಹಂಪಯ್ಯ ಮನಸ್ಸಿನಲ್ಲೇ ಅದಕ್ಕೆ ಕೈಮುಗಿದ.

ಬಸ್ಸು ಹೋಟೆಲಿನ ಎದುರಿಗೆ ಬರುತ್ತಿದ್ದಂತೆ ಒಳಗಿನಿಂದ ಹೆಂಗಸೊಬ್ಬಳು, "ಈ ಡಬ್ಬಾ ಎವರಿದಿ?" ಎಂದು, ಡಬ್ಬಿ ಯಾರದೆಂದು ತೆಲುಗಿನಲ್ಲಿ ಕೂಗಿದ್ದು ಕೇಳಿಸಿತು. ಮತ್ತೆ ಅದೇ ಕೂಗು. ಆಮೇಲೆ ಸೀಟಿ. ಬಸ್ಸು ಧೂಳೆಬ್ಬಿಸಿ ನಿಂತಿತು. ಕಂಡಕ್ಟರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಡಬ್ಬಿ ಚಾಚಿದ.

"ಅಯ್ಯನೋರ, ಇದು ನಿಮ್ಮ ದೇವರ ಬಾಜೂಕ ಇದ್ದದ್ದಲ್ಲೇನ್ರಿ? ಯಾವನೋ ಕದ್ದು ಬಸ್ಸಿನಾಗ ಇಟ್ಟಾನ. ನಾನು ನಿನ್ನೆ ನೋಡಿದ್ದಕ್ಕ ಗುರುತು ಸಿಕ್ತು."

ಇಡೀ ಬಸ್ಸು ಹಂಪಯ್ಯನನ್ನು ನೋಡಿತು. ಕಂಡಕ್ಟರಿಗೆ ಉಪಕಾರ ಹೇಳದೆ ಗತ್ಯಂತರವಿರಲಿಲ್ಲ. ಉಪಕಾರ ಹೇಳಿ, ಪುಕ್ಕಟೆ ಮಿರ್ಚಿ ಕಟ್ಟಿಕೊಟ್ಟು ಕಳಿಸಿದ. ಬಂದವರಿಗೆಲ್ಲ ಡಬ್ಬಿಯ ಕತೆ ಹೇಳಿದ ತನ್ನ ನಾಲಿಗೆಯ ಮೇಲೆ ಅವನಿಗೆ ಸಿಟ್ಟು ಬಂತು.

ಮಧ್ಯಾಹ್ನ ಸುಂಕಣ್ಣ ಸೈಕಲ್ ಮೇಲೆ ಒಂದು ಸುತ್ತು ಹೋಗಿ ಬಂದು ವರದಿ ಒಪ್ಪಿಸಿದ. "ಇನ್‌ಸ್ಪೆಕ್ಟರ್ ಬಂದಾನ್ರಿ. ಗಿರಣಿ ಕಡೆ ಹೋಟೆಲಿನಾಗ ಅದಾನ. ನೀರಿನ ಗಡಿಗಿ ಒಳಗ ಬಗ್ಗಿ ನೋಡಾಕತ್ಯಾನ. ಮುಂದಿನ ಪಾಳಿ ನಮ್ಮ ಸಾಲಿಂದು."

ಇನ್‌ಸ್ಪೆಕ್ಟರ್ ಬರುವ ಸುದ್ದಿಗೆ ಬೆಳಗಿನಿಂದಲೇ ಗಿರಾಕಿಗಳು ತೆಳುವಾಗಿದ್ದರು. ಈಗ ಇದ್ದವರೂ ಎದ್ದರು. ಒಲೆಯ ಮೇಲೆ ಬೆಳಗಿನ ಹಾಲು ಹಾಗೇ ಉಳಿದಿತ್ತು. ಹಂಪಯ್ಯ ಡಬ್ಬಿಯನ್ನು ಎದೆಗೆ ಅವಚಿಕೊಂಡು ಪರದೆಯ ಒಳಗೆ ಹೋಗಿ ಹೆಂಡತಿಯ ಮುಂದೆ ಕೂತುಬಿಟ್ಟ.

"ಇದರ ಮುಚ್ಚಳ ತಗಿ. ಪುಡಿ ಮಣ್ಣಾಗ ಸುರುವಿಬಿಡ್ತೀನಿ."

ಗುರುಬಸಮ್ಮ ಬೆಳಗಿನಿಂದ ಗಂಡ ಓಡಾಡಿದ್ದನ್ನು ಪರದೆಯ ಸಂದಿಯಿಂದ ನೋಡುತ್ತ ಈರುಳ್ಳಿ ಹೆಚ್ಚುತ್ತಿದ್ದಳು. ಈಗ ಈಳಿಗೆಮಣೆ ಸರಿಸಿದಳು.

"ಹಾಲು ಮಣ್ಣಿಗೆ ಚೆಲ್ಲತೀರೇನು? ತಲಿ ನೆಟ್ಟಗೈತ್ಯೋ ಇಲ್ಲೋ?"

"ಹಾಲಲ್ಲ, ಪುಡಿ."

"ಪುಡಿ ಎಲ್ಲಿಂದ ಬಂತು? ಹಾಲಿಂದನ ಬಂತಲ್ಲ. ಹಾಲು ಚೆಲ್ಲಿದ ಮನ್ಯಾಗ ಒಲಿ ಉರಿಯಂಗಿಲ್ಲ ಅಂತ ನಮ್ಮವ್ವ ಹೇಳ್ತಿದ್ಲು."

"ಚೆಲ್ಲದಿದ್ರೂ ಉರಿಯಂಗಿಲ್ಲ, ಇನ್‌ಸ್ಪೆಕ್ಟರ್ ಬಂದು ಆರಿಸ್ತಾನ. ನೀನ ಹೇಳು, ಏನ್ ಮಾಡ್ಲಿ?"

ಗುರುಬಸಮ್ಮ ಒಲೆಯ ಮೇಲಿನ ಪಾತ್ರೆ ನೋಡಿದಳು. "ಹಾಲು ಹಾಲಿನಾಗ ಹೋದ್ರ ಯಾರಿಗೆ ಗೊತ್ತಾಗತೈತಿ?"

ಹಂಪಯ್ಯ ಹೆಂಡತಿಯನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ. ಡಬ್ಬಿ ಪೂರ್ತಿ ಪಾತ್ರೆಗೆ ಬಿತ್ತು. ಗುರುಬಸಮ್ಮ ಕಡಗೋಲು ಹಾಕಿ ಗಂಟಿಲ್ಲದಂತೆ ಕಡೆದಳು. ಕಡೆಯುವಾಗ, "ಮೊದಲ ಇಷ್ಟು ಗಟ್ಟಿ ಐತಲ್ಲ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಖಾಲಿ ಡಬ್ಬಿ ಮಾತ್ರ ಅವಳು ಬಿಡಲಿಲ್ಲ. ಇಷ್ಟು ಬಿಗಿಯಾದ ಮುಚ್ಚಳ ಬಳ್ಳಾರಿಯಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದು ಅದರಲ್ಲಿ ಸಾಸಿವೆ ತುಂಬಿ, ಆಕಳ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು.

ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ ಬಂದಾಗ ಬಿಸಿಲು ಇಳಿಯುತ್ತಿತ್ತು. ಸುಂಕಣ್ಣನ ಮಾತು ಕೇಳಿ ಹುಲಿಯನ್ನು ಎದುರುನೋಡುತ್ತಿದ್ದ ಹಂಪಯ್ಯನ ಮುಂದೆ, ಕೊಡೆ ಹಿಡಿದ, ಊಟ ಸೇರದೆ ಸೊರಗಿದ ಮೇಷ್ಟರಂಥ ಒಬ್ಬ ಮನುಷ್ಯ ನಿಂತಿದ್ದ. ಕೈಯಲ್ಲಿ ಚರ್ಮದ ಚೀಲ. ಬೆನ್ನ ಹಿಂದೆ ಅರ್ಧ ಬಜಾರು. ಎಲ್ಲರಿಗಿಂತ ಮುಂದೆ ಸುಂಕಣ್ಣ.

"ಚಾ ತಗೋರಿ ಸಾಹೇಬ್ರ," ಅಂದ ಹಂಪಯ್ಯ.

"ಮೊದಲ ಕೆಲಸ ಆಗ್ಲಿ ಬಿಡ್ರಿ."

ಇನ್‌ಸ್ಪೆಕ್ಟರ್ ಮಿರ್ಚಿಯ ಮೇಲಿನ ಬಟ್ಟೆ ಎತ್ತಿ ನೋಡಿದ. ಎಣ್ಣೆ ಮೂಸಿದ. ನೀರಿನ ಗಡಿಗೆಯಲ್ಲಿ ಬಗ್ಗಿದ. ಮಂಡಾಳಿನ ಚೀಲದಲ್ಲಿ ಕೈ ಹಾಕಿದ, ಹೆಗಲತನಕ ಅಲ್ಲ, ಮಣಿಕಟ್ಟಿನತನಕ. ಸುಂಕಣ್ಣನಿಗೆ ನಿರಾಶೆಯಾದಂತೆ ಕಂಡಿತು. ಕೊನೆಗೆ, "ಹಾಲು ತೋರಿಸ್ರಿ," ಅಂದ.

ಗುರುಬಸಮ್ಮ ಒಂದು ಚೊಂಬು ಹಾಲು ತಂದಿಟ್ಟಳು. ಅದು ಆರುವವರೆಗೆ ಇನ್‌ಸ್ಪೆಕ್ಟರ್ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ. ಆಮೇಲೆ ಚೀಲದಿಂದ ಹೊಟ್ಟೆ ಉಬ್ಬಿದ ಗಾಜಿನ ಕಡ್ಡಿಯೊಂದನ್ನು ತೆಗೆದ. ಹಾಲಿಗೆ ನೀರು ಬೆರೆತಿದ್ದರೆ ಆ ಕಡ್ಡಿ ಮುಳುಗುತ್ತದೆ, ಹಾಲು ಗಟ್ಟಿಯಿದ್ದಷ್ಟೂ ಮೇಲೆ ನಿಲ್ಲುತ್ತದೆ ಎನ್ನುವುದು ಊರಿನ ಹೋಟೆಲಿನವರಿಗೆಲ್ಲ ಗೊತ್ತಿತ್ತು. ಅದು ಮುಳುಗದೆ ನಿಂತದ್ದನ್ನು ಮಾತ್ರ ಸಿರುಗುಪ್ಪದಲ್ಲಿ ಯಾರೂ ನೋಡಿರಲಿಲ್ಲ.

ಅವತ್ತು ನೋಡಿದರು. ಕಡ್ಡಿ ಎದೆಮಟ್ಟವೂ ಇಳಿಯದೆ, ಸಭೆಯಲ್ಲಿ ಭಾಷಣಕ್ಕೆ ಎದ್ದವರ ಹಾಗೆ ನೆಟ್ಟಗೆ ನಿಂತುಬಿಟ್ಟಿತು.

ಇನ್‌ಸ್ಪೆಕ್ಟರ್ ಅದನ್ನು ತೆಗೆದು ಒರೆಸಿ ಮತ್ತೆ ಬಿಟ್ಟ. ಮತ್ತೆ ನಿಂತಿತು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮೂರನೆಯ ಸಲ ಬಿಟ್ಟ.

"ಇದರಾಗ ಏನರ ಬೆರಸೀರೇನ್ರಿ?"

ಹಂಪಯ್ಯ ಬಾಯಿ ತೆರೆದ. ನಿಜ ಹೇಳಿದರೆ ಕಲಬೆರಕೆ, ಹೇಳದಿದ್ದರೆ ಸುಳ್ಳು. ಎರಡರ ನಡುವೆ ಬಾಯಿ ಹಾಗೇ ತೆರೆದುಕೊಂಡಿತ್ತು. ಅಷ್ಟರಲ್ಲಿ ಸಂಜೆಯ ಹಾಲು ತಂದಿದ್ದ ಉಚ್ಚಂಗೆಮ್ಮ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಮುಂದೆ ಬಂದಳು.

"ಏನು ಬೆರಸ್ತಾರ್ರೀ? ನನ್ನ ಎಮ್ಮಿ ಹಾಲದು. ಹತ್ತಿಕಾಳು, ಶೇಂಗಾ ಹಿಂಡಿ ಹಾಕಿ ಸಾಕೀನಿ. ನನ್ನ ಮಗಳಿಗೆ ಹಾಕಿಲ್ಲ ಅಷ್ಟು, ಎಮ್ಮಿಗೆ ಹಾಕೀನಿ."

ಇನ್‌ಸ್ಪೆಕ್ಟರನ ಮುಖ ನಿಧಾನಕ್ಕೆ ಬದಲಾಯಿತು. ಸೊರಗಿದ ಕೆನ್ನೆಯಲ್ಲಿ ನೆತ್ತರು ಆಡಿದಂತಾಯಿತು. "ರೂಪನಗುಡಿಯಾಗ ನಮ್ಮವ್ವ ಇಂಥಾ ಎಮ್ಮಿ ಕಟ್ಟಿದ್ಲು," ಅಂದ ಮೆಲ್ಲಗೆ. "ನಾ ಈ ಕಡ್ಡಿ ಹಿಡಿದು ಜಿಲ್ಲಾದಾಗೆಲ್ಲ ತಿರುಗೀನಿ. ಎಲ್ಲಾ ಕಡೆ ಮುಳುಗೇ ಮುಳುಗತೈತಿ. ಜನರ ಮ್ಯಾಲಿನ ನಂಬಿಕೀನೂ ಅದರ ಕೂಡ ಮುಳುಗಿತ್ತು ಅನ್ರಿ. ಈಗ ಒಂದು ಚಾ ಕೊಡ್ರಿ."

ಚಹಾ ಕುಡಿದ. ಇನ್ನೊಂದು ಕೇಳಿದ. ಅಡುಗೆಯ ಜಾಗ ನೋಡಲು ಪರದೆ ಸರಿಸಿದ. ನೋಡಿದವನೇ ನೇರ ಹೋಗಿ ಗೋಡೆಯ ಕಡೆ ಮುಖ ಮಾಡಿದ್ದ ಡಬ್ಬಿಯನ್ನು ತಿರುಗಿಸಿದ. ಹಂಪಯ್ಯ ಕಂಬ ಹಿಡಿದುಕೊಂಡ.

"ಕುವೈತ್ ಡಬ್ಬಿ ಅಲ್ಲೇನ್ರಿ ಇದು? ನಮ್ಮ ಮನ್ಯಾಗೂ ಒಂದೈತಿ. ಮುಚ್ಚಳ ಭಾಳ ಗಟ್ಟಿ. ನಾವು ಅದರಾಗ ಜೀರಗಿ ಹಾಕೀವಿ."

"ಇದು... ಇದು ಇಟ್ಕೋಬಾರ್ದೇನ್ರಿ ಸಾಹೇಬ್ರ?" ಎಂದು ಹಂಪಯ್ಯ ತೊದಲಿದ.

"ಯಾರರ ಪ್ರೀತಿಲೆ ತಂದುಕೊಟ್ಟಿದ್ದು ಮನ್ಯಾಗ ಇಟ್ಕೊಂಡ್ರ ಯಾರು ಕೇಳ್ತಾರ್ರೀ? ಹಾಲಿಗೆ ಬೆರಸಿ ಮಾರಬಾರ್ದು, ಅಷ್ಟ."

ಹೊರಗೆ ಸುಂಕಣ್ಣ ಯಾಕೋ ತನ್ನ ಅಂಗಡಿಯ ಕಡೆ ನಡೆದ.

ಹಂಪಯ್ಯ ಸಹಿಗಾಗಿ ಲೈಸೆನ್ಸಿನ ಕಾಗದ ಮುಂದಿಟ್ಟ. ಇನ್‌ಸ್ಪೆಕ್ಟರ್ ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಯೋಚನೆ ಮಾಡಿ ಮತ್ತೆ ಮುಚ್ಚಿದ.

"ಬ್ಯಾಡ ಅಯ್ಯನೋರ. ಇಂಥಾ ಹಾಲಿಗೆ ನನ್ನ ಸಹಿ ಸಣ್ಣದಾಗತೈತಿ. ನಾಳಿ ಬೆಳಿಗ್ಗಿ ನಮ್ಮ ಮ್ಯಾಲಿನೋರು, ಜಿಲ್ಲಾ ಡಾಕ್ಟರ್ ಸಾಹೇಬ್ರು, ಈ ದಾರೀಲೆ ಬರೋರಿದ್ದಾರ. ಅವರನ್ನ ಇಲ್ಲಿಗೇ ಕರಕೊಂಡು ಬರ್ತೀನಿ. ಅವರ ಮುಂದ ಕಡ್ಡಿ ಬಿಡೂಣು, ಸಹಿ ಅವರ ಕೈಲೇ ಹಾಕಸೂಣು. ಸಿರುಗುಪ್ಪದ ಹೋಟೆಲಿನೋರಿಗೆಲ್ಲ ಹೇಳಿ ಕಳಸ್ತೀನಿ, ಬಂದು ನೋಡ್ಲಿ."

"ಸಾಹೇಬ್ರ, ನಾಳಿ ಹಾಲು ಹೆಂಗಿರತೈತೋ," ಅಂದ ಹಂಪಯ್ಯ.

"ಹಿಂಗ ಇರಬೇಕು. ಎಮ್ಮಿ ಅದ, ಮ್ಯಾವು ಅದ. ನಾಳಿ ಕಡ್ಡಿ ಕೆಳಗಿಳೀತು ಅಂದ್ರ ಒಂದ ಅರ್ಥ, ಸಾಹೇಬ್ರು ಬರ್ತಾರಂತ ಗೊತ್ತಾಗಿಯೂ ನೀವು ನೀರು ಹಾಕೀರಿ ಅಂತ. ಆವಾಗ ನಾನು ಕೇಸ್ ಬರೀಬೇಕಾಗತೈತಿ." ಹಾಗೆಂದು ನಕ್ಕ. ಅವನಿಗೆ ಅದು ಆಗದ ಹೋಗದ ಮಾತು. ಬಸ್ಸಿನ ಕುಲುಕಾಟಕ್ಕೆ ಒಡೆಯುತ್ತದೆ, ಹೇಗೂ ನಾಳೆ ಇಲ್ಲೇ ಬೇಕು ಎಂದು ಗಾಜಿನ ಕಡ್ಡಿಯನ್ನು ಹಂಪಯ್ಯನ ಕೈಗೆ ಕೊಟ್ಟು ಬಳ್ಳಾರಿಯ ಬಸ್ಸು ಹತ್ತಿದ.

ಹಂಪಯ್ಯ ಕಡ್ಡಿಯನ್ನು ಬಸವಣ್ಣನ ಫೋಟೋದ ಪಕ್ಕ, ಡಬ್ಬಿ ಇದ್ದ ಜಾಗದಲ್ಲಿ ಇಟ್ಟ. ಇಟ್ಟವನು ಸೈಕಲ್ ಅಂಗಡಿಗೆ ಓಡಿದ.

"ಸಾಬರ, ಜಿಲಾನಿ ಕೊಟ್ಟ ಡಬ್ಬಿ ಇನ್ನೊಂದು ಐತೇನ್ರಿ?"

ಉಸ್ಮಾನಸಾಬ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮುಂಜಾನಿ ಬ್ಯಾಡ ಅಂದ್ರಿ."

"ಆವಾಗ ಬ್ಯಾಡಾಗಿತ್ತು."

"ಅವ ತಂದದ್ದು ಎರಡ. ಒಂದು ನಿಮಗ, ಒಂದು ಸುಂಕಣ್ಣಗ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಹೇಳಬ್ಯಾಡ್ರಿ, ಬ್ಯಾಸರ ಆಗತೈತಿ ಅಂದಿದ್ದ. ಇನ್ನ ಅವ ಬರೂದು ಎರಡು ವರ್ಷಕ್ಕ."

ಹಂಪಯ್ಯನಿಗೆ ಹೋದ ಜೀವ ಬಂದಂತಾಯಿತು. ಸುಂಕಣ್ಣ ಅಂಗಡಿಯಲ್ಲಿ ತಲೆ ಬಗ್ಗಿಸಿ ಎಲೆ ಒರೆಸುತ್ತಿದ್ದ. ಅವನ ಮೊಣಕಾಲಿನ ಹಿಂದೆ ಗೋಣಿಯ ಕೆಳಗೆ ಹಳದಿ ಬಣ್ಣ ಇಣುಕುತ್ತಿತ್ತು. ಹಂಪಯ್ಯ ಗೋಣಿ ಸರಿಸಿದ. ಅದೇ ಆಕಳು, ಅದೇ ಅಕ್ಷರ. ಎತ್ತಿದ. ಭಾರವಾಗಿತ್ತು. ಮುಚ್ಚಳ ತೆಗೆದ. ಒಳಗೆ ಬೆಳ್ಳಗಿತ್ತು.

ಬೆರಳದ್ದಿ ನಾಲಿಗೆಗೆ ಇಟ್ಟ. ಸುಣ್ಣ.

"ಪುಡಿ ಎಲ್ಲಿ ಹಾಕಿದ್ಯೋ?" ಎಂದು ಬಾಯಿ ಸುಟ್ಟುಕೊಂಡೇ ಕೇಳಿದ.

ಸುಂಕಣ್ಣ ರೇಡಿಯೋದ ಸದ್ದು ತಗ್ಗಿಸಿದ. "ಬೈಬ್ಯಾಡ್ರಿ ಅಯ್ಯನೋರ. ಡ್ರೈವರ ಹೇಳಿದ ಕೂಡಲೇ ನನ್ನ ಕೈಕಾಲು ಬಿದ್ದುಹೋದ್ವು. ಎಲಿ ಕಟ್ಟಿನಾಗ ಸುತ್ತಿ ತಂದು, ನೀರು ಹಾಕೋ ನೆವದಾಗ ನಿಮ್ಮ ಹಾಲಿನ ಪಾತ್ರಿಗೆ ಸುರುವಿಬಿಟ್ಟೆ. ಹಾಲು ಹಾಲಿನಾಗ ಹೋದ್ರ ಯಾರಿಗೆ ಗೊತ್ತಾಗತೈತಿ ಅಂದ್ಕೊಂಡೆ. ನಿಮಗ ಒಳ್ಳೇದ ಆತಲ್ಲ, ಸಾಹೇಬ್ರು ಮೆಚ್ಚಿದ್ರು. ಹೆಂಗೂ ನಾಳಿಗೆ ನಿಮ್ಮ ಡಬ್ಬಿ ಐತಿ."

"ಅದೂ ಅದರಾಗನ ಹೋತು."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಸುಂಕಣ್ಣನ ಬೆರಳು ನಿಂತಿತು. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಂಗಾರ ಅಷ್ಟ ಎತ್ತರ ನಿಲ್ಲಬೇಕಂದ್ರ ನಾಳಿಗೆ ಎರಡು ಡಬ್ಬಿ ಬೇಕಾಗತಾವ," ಅಂದ.

ಹಂಪಯ್ಯ ಹೋಟೆಲಿಗೆ ಬಂದು ಬೆಂಚಿನ ಮೇಲೆ ಕುಸಿದ. ಉಚ್ಚಂಗೆಮ್ಮ ಸಂಜೆಯ ಹಾಲು ಅಳೆದು ಹಾಕಿ ಅವನಿಗಾಗಿ ಕಾಯುತ್ತಿದ್ದಳು. ಅಷ್ಟರಲ್ಲಿ ಎಲ್ಲಿಂದಲೋ ಮುಡಿಗೆ ಕನಕಾಂಬರ ಮುಡಿದುಕೊಂಡಿದ್ದಳು.

"ಅಯ್ಯನೋರ, ನಾಳಿ ಸಾಹೇಬ್ರು ಬಂದಾಗ ಎಮ್ಮೀನೂ ಹಿಡಕೊಂಡು ಬರ್ತೀನಿ. ಕೊಂಬಿಗೆ ಬಣ್ಣ ಬಳೀಲೋ, ಹಂಗ ತರ್ಲೋ?"

ಹಂಪಯ್ಯ ಎದ್ದು ಫೋಟೋದ ಪಕ್ಕದಿಂದ ಗಾಜಿನ ಕಡ್ಡಿ ತೆಗೆದು, ಅವಳು ಆಗಷ್ಟೇ ಹಾಕಿದ ಹಾಲಿನಲ್ಲಿ ಮೆಲ್ಲಗೆ ಬಿಟ್ಟ. ಗುರುಬಸಮ್ಮ ಪರದೆಯಿಂದ ಹೊರಗೆ ಬಂದು ಬಗ್ಗಿ ನೋಡಿದಳು. ಕಾಲುವೆಗೆ ಬಿದ್ದ ಎಮ್ಮೆ ಮೂಗಿನ ತುದಿಯಷ್ಟೇ ಮೇಲೆ ಬಿಟ್ಟು ಕಣ್ಣು ಮುಚ್ಚುವಂತೆ, ಕಡ್ಡಿ ತುದಿಯಷ್ಟೇ ಮೇಲೆ ಬಿಟ್ಟು, ತಣ್ಣಗೆ ಒಳಗೆ ಕೂತಿತು.